ರಾತ್ರಿ ಬೀಗದ ಕೈ ಯಾರ ಹತ್ತಿರ?



ಈ ದೇಶದಲ್ಲಿ ಕಟ್ಟಡ ಕಟ್ಟೋದಕ್ಕೆ ಎರಡು ಶಾಸ್ತ್ರಗಳಿವೆ. ಒಂದು ವಾಸ್ತು. ಬಾಗಿಲು ಯಾವ ದಿಕ್ಕಿಗಿದ್ದರೆ ಲಕ್ಷ್ಮಿ ಒಳಗೆ ಬರ್ತಾಳೆ, ಯಾವ ದಿಕ್ಕಿಗಿದ್ದರೆ ಹೊರಗೆ ಹೋಗ್ತಾಳೆ ಅಂತ ಹೇಳುವ ಶಾಸ್ತ್ರ. ಮಂತ್ರಿಗಳಾದವರು ಕೂಡ ಕುರ್ಚಿಯಲ್ಲಿ ಕೂರುವ ಮುಂಚೆ ಇದರ ಪ್ರಕಾರ ಕಚೇರಿ ಬಾಗಿಲು ಕೀಳಿಸಿ ಬೇರೆ ಕಡೆ ಇಡಿಸಿಕೊಳ್ಳುತ್ತಾರೆ. ಇನ್ನೊಂದು ರಾಷ್ಟ್ರೀಯ ಕಟ್ಟಡ ಸಂಹಿತೆ. ಬೆಂಕಿ ಬಿದ್ದರೆ ಒಳಗಿದ್ದ ಮನುಷ್ಯರು ಯಾವ ಬಾಗಿಲಿಂದ, ಎಷ್ಟು ಬೇಗ ಹೊರಗೆ ಬರ್ತಾರೆ ಅಂತ ಲೆಕ್ಕ ಹಾಕಿ ಹೇಳುವ ಶಾಸ್ತ್ರ. ಮೊದಲನೆಯದನ್ನು ಯಾರೂ ಕಾಯ್ದೆ ಮಾಡಿಲ್ಲ, ಆದರೂ ಎಲ್ಲರೂ ಪಾಲಿಸ್ತಾರೆ. ಎರಡನೆಯದನ್ನು ಸರ್ಕಾರವೇ ಬರೆಸಿ ಅಚ್ಚು ಹಾಕಿಸಿದೆ. ಅದನ್ನು ಓದಿದ ವಾರ್ಡನ್ನನ್ನು ನಾವಂತೂ ಇನ್ನೂ ನೋಡಿಲ್ಲ.

ಈ ಸಂಹಿತೆ ಮೊದಲು ಬಂದದ್ದು 1970ರಲ್ಲಿ. 1983ರಲ್ಲಿ ತಿದ್ದಿದರು, 2005ರಲ್ಲಿ ತಿದ್ದಿದರು, 2016ರಲ್ಲಿ ಮತ್ತೆ ತಿದ್ದಿದರು. ಪುಸ್ತಕ ದಪ್ಪ ಆಗ್ತಾ ಬಂತು. 2016ರದ್ದು ಎರಡು ಸಂಪುಟ. ಅದರ ನಾಲ್ಕನೇ ಭಾಗ ಪೂರ್ತಿ ಬೆಂಕಿಯ ಮೇಲಿದೆ. ಗಾಜಿನ ಗೋಡೆಯ ಕಟ್ಟಡ, ಆಕಾಶ ಮುಟ್ಟುವ ಅಪಾರ್ಟ್‌ಮೆಂಟು, ಮೆಟ್ರೊ ಸ್ಟೇಷನ್ನು ಇವಕ್ಕೆಲ್ಲ ಅದರಲ್ಲಿ ಜಾಗ ಸಿಕ್ಕಿದೆ. ಸಿಗಲಿ, ನಮಗೇನೂ ಹೊಟ್ಟೆಕಿಚ್ಚಿಲ್ಲ. ಅಲ್ಲಿ ಕಸ ಗುಡಿಸುವವರೂ ಲಿಫ್ಟಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರುವವರೂ ನಮ್ಮವರೇ. ಆದರೆ ತಿದ್ದಿದ ಮಹನೀಯರು ತಲೆ ಎತ್ತಿ ಮೇಲಕ್ಕೇ ನೋಡ್ತಾ ತಿದ್ದಿದ್ದಾರೆ. ಕೆಳಗೆ, ತಾಲ್ಲೂಕು ಊರಿನ ಬಸ್‌ಸ್ಟ್ಯಾಂಡಿನ ಹಿಂದೆ, ಬಾಡಿಗೆ ಕಟ್ಟಡದಲ್ಲಿ ಅರವತ್ತೋ ಎಂಬತ್ತೋ ಮಕ್ಕಳು ಮಲಗಿರುವ ಹಾಸ್ಟೆಲ್ಲಿನ ಕಡೆ ಆ ಕಣ್ಣು ಇಳಿದಿಲ್ಲ. ನಮ್ಮ ತಕರಾರು ಇದು.

ಹಾಸ್ಟೆಲ್ಲು ಹೇಗಿರುತ್ತೆ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ. ಆದರೂ ಒಂದು ಸಲ ಬೆಂಕಿಯ ಕಣ್ಣಿನಿಂದ ನೋಡಿ. ಯಾರದೋ ಸಂಸಾರಕ್ಕೆ ಅಂತ ಕಟ್ಟಿಸಿ ಆಮೇಲೆ ಇಲಾಖೆಗೆ ಬಾಡಿಗೆಗೆ ಬಿಟ್ಟ ಮನೆ. ಮೇಲಕ್ಕೆ ಒಂದೇ ಮೆಟ್ಟಿಲು. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಕರೆಂಟಿನ ಮೀಟರ್ ಬೋರ್ಡು, ಅದರ ಪಕ್ಕ ತುಂಬಿದ ಗ್ಯಾಸ್ ಸಿಲಿಂಡರು, ಪಕ್ಕದಲ್ಲೇ ಹರಿದ ಹಾಸಿಗೆ, ಹಳೇ ಪೇಪರಿನ ರಾಶಿ. ಕಿಟಕಿಗಳಿಗೆ ಗೋಡೆಯಲ್ಲಿ ಹೂತ ಕಬ್ಬಿಣದ ಸರಳು. ರೂಮಿಗೊಂದು ಪ್ಲಗ್ಗು. ಅದಕ್ಕೊಂದು ಎಕ್ಸ್‌ಟೆನ್ಷನ್ ಬಾಕ್ಸು, ಆ ಬಾಕ್ಸಿಗೆ ಇನ್ನೊಂದು ಬಾಕ್ಸು, ಹತ್ತು ಮೊಬೈಲು, ಚಳಿಗಾಲ ಬಂದರೆ ಬಕೆಟ್ಟಿಗೆ ಇಳಿಬಿಟ್ಟ ಕಾಯಿಲು. ಮೊದಲು ಜಮಖಾನ ಹಾಸಿ ನೆಲದ ಮೇಲೆ ಮಲಗ್ತಿದ್ದೆವು, ಈಗ ಎಷ್ಟೋ ಕಡೆ ಫೋಮಿನ ಹಾಸಿಗೆ ಬಂದಿದೆ. ಸಂತೋಷ. ಆದರೆ ಫೋಮು ಹತ್ತಿಯ ಹಾಗೆ ಕಮರುತ್ತಾ ಕೂರುವುದಿಲ್ಲ, ಧಗ್ಗನೆ ಹತ್ತಿಕೊಳ್ಳುತ್ತೆ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡಿನ ಜೊತೆಗೆ ಸಯನೈಡ್ ಅನಿಲವೂ ಇರುತ್ತೆ. ಬೆಂಕಿ ಅನಾಹುತಗಳಲ್ಲಿ ಸುಟ್ಟು ಸತ್ತವರಿಗಿಂತ ಹೊಗೆ ಕುಡಿದು ಸತ್ತವರೇ ಹೆಚ್ಚು. ಹೊಗೆಯ ವಾಸನೆಗೆ ಎಚ್ಚರ ಆಗುತ್ತೆ ಬಿಡು ಅಂತ ನಂಬಿಕೊಂಡು ಮಲಗಬೇಡಿ. ಆ ಹೊಗೆಯೇ ನಿದ್ದೆಯನ್ನು ಇನ್ನಷ್ಟು ಗಾಢ ಮಾಡುತ್ತೆ.

ಇಷ್ಟರ ಮೇಲೆ ಬೀಗ. ರಾತ್ರಿ ಊಟ ಆದ ಮೇಲೆ ಕೆಳಗಿನ ಗೇಟಿಗೆ ಬೀಗ. ತಾರಸಿ ಬಾಗಿಲಿಗಂತೂ ಹಗಲಲ್ಲೂ ಬೀಗ. ಬೀಗದ ಕೈ ವಾರ್ಡನ್ ಹತ್ತಿರ, ವಾರ್ಡನ್ ತನ್ನ ಊರಲ್ಲಿ. ಅದೂ ಇಲ್ಲದಿದ್ದರೆ ವಾಚ್‌ಮನ್ ಸೊಂಟದಲ್ಲಿ, ವಾಚ್‌ಮನ್ ಟೀ ಕುಡಿಯೋಕೆ ಸರ್ಕಲ್ಲಿನಲ್ಲಿ. ವಾಚ್‌ಮನ್ನನ್ನು ಬೈಯೋದಕ್ಕೆ ಈ ಮಾತು ಬರೆದದ್ದಲ್ಲ. ಹೊರಗುತ್ತಿಗೆಯಲ್ಲಿ ತಿಂಗಳುಗಟ್ಟಲೆ ಸಂಬಳದ ಮುಖ ಕಾಣದ ಆ ಮನುಷ್ಯನೂ ನಮ್ಮ ಕೇರಿಯವನೇ.

ಬೀಗ ಹಾಕಿದ ಹಾಸ್ಟೆಲ್ಲಿಗೆ ಬೆಂಕಿ ಬಿದ್ದರೆ ಏನಾಗುತ್ತೆ ಅನ್ನೋದನ್ನು ಊಹೆ ಮಾಡಬೇಕಾಗಿಲ್ಲ. ಆಗಿದೆ. ದಕ್ಷಿಣ ಅಮೆರಿಕದಲ್ಲಿ ಗಯಾನ ಅಂತ ಒಂದು ಸಣ್ಣ ದೇಶ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಬಡವರನ್ನು ಹಡಗಿಗೆ ತುಂಬಿ ಕಬ್ಬಿನ ತೋಟಕ್ಕೆ ಕೂಲಿಗಳಾಗಿ ಸಾಗಿಸಿದ್ದು ಅಲ್ಲಿಗೇ. ಆ ದೇಶದ ಮೂಲ ನಿವಾಸಿಗಳು ಕಾಡಿನ ಒಳಗಿನ ಹಳ್ಳಿಗಳಲ್ಲಿದ್ದಾರೆ. ಹಳ್ಳಿಯಲ್ಲಿ ಹೈಸ್ಕೂಲಿಲ್ಲ. ಓದಬೇಕು ಅಂದರೆ ಮಕ್ಕಳು ಮಹ್ದಿಯಾ ಅನ್ನುವ ಗಣಿ ಪಟ್ಟಣಕ್ಕೆ ಬಂದು ಸರ್ಕಾರಿ ಹಾಸ್ಟೆಲ್ಲಿನಲ್ಲಿ ಇರಬೇಕು. ನಮ್ಮ ಕಥೆಯೇ ಅಲ್ವಾ? 2023ರ ಮೇ 21ರ ರಾತ್ರಿ ಆ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಬೆಂಕಿ ಬಿತ್ತು. ಕಿಟಕಿಗಳಿಗೆ ಕಬ್ಬಿಣದ ಗ್ರಿಲ್ಲು. ಬಾಗಿಲುಗಳಿಗೆ ಬೀಗ. ಒಳಗೇ ಇದ್ದ ಮೇಲ್ವಿಚಾರಕಿಗೆ ಗಾಬರಿಯಲ್ಲಿ, ಹೊಗೆಯಲ್ಲಿ, ಬೀಗದ ಕೈ ಸಿಗಲಿಲ್ಲ. ಬೆಂಕಿ ಆರಿಸಲು ಬಂದವರು ಗೋಡೆ ಒಡೆದು ತೂತು ಮಾಡಿ ಕೆಲವು ಮಕ್ಕಳನ್ನು ಎಳೆದುಕೊಂಡರು. 20 ಮಕ್ಕಳು ಸತ್ತರು. ಸತ್ತವರಲ್ಲಿ ಆ ಮೇಲ್ವಿಚಾರಕಿಯ ಪುಟ್ಟ ಮಗನೂ ಇದ್ದ. ಮೊಬೈಲು ಕಿತ್ತುಕೊಂಡ ಸಿಟ್ಟಿಗೆ ಹಾಸ್ಟೆಲ್ಲಿನ ಹುಡುಗಿಯೊಬ್ಬಳೇ ಬೆಂಕಿ ಇಟ್ಟಳು ಅಂತ ಪೊಲೀಸರು ಹೇಳಿದರು. ಇರಬಹುದು. ಬೆಂಕಿ ಯಾರಿಂದಲಾದರೂ ಹತ್ತುತ್ತೆ, ಸಿಟ್ಟಿನಿಂದಲೂ ಹತ್ತುತ್ತೆ, ಇಲಿ ಕಡಿದ ವೈರಿನಿಂದಲೂ ಹತ್ತುತ್ತೆ. ಅದು ಸಾವಾಗಿ ಬದಲಾದದ್ದು ಬೀಗದಿಂದ.

ಹೊರಗೆ ಹೋಗಲಾರದಂತೆ ಬಿದ್ದ ಚಿಲಕ ಅಂದ ಕೂಡಲೇ ನಮ್ಮವರಿಗೆ ಬೇರೆ ಊರುಗಳ ಹೆಸರು ನೆನಪಾಗುತ್ತೆ. 1968ರ ಕೀಳ್ವೆಣ್ಮಣಿ. 2000ದ ಕಂಬಾಲಪಲ್ಲಿ. ಅವು ಕೊಲೆಗಳು. ಅವುಗಳ ಲೆಕ್ಕ ಬೇರೆ, ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ, ಅದನ್ನು ಇಲ್ಲಿ ಬೆರೆಸುವುದಿಲ್ಲ. ಅಷ್ಟು ಕಂಡ ಜನ ತಮ್ಮ ಮಕ್ಕಳನ್ನು ಸರ್ಕಾರದ ಕೈಗೆ ಒಪ್ಪಿಸಿ, ಅಲ್ಲೂ ಬೀಗದ ಹಿಂದೆ ಮಲಗಿಸೋದಕ್ಕೆ ಒಪ್ಪಬೇಕಾ ಅನ್ನೋದು ನಮ್ಮ ಪ್ರಶ್ನೆ.

ಈ ಬಗ್ಗೆ ಸಂಹಿತೆ ಏನೂ ಹೇಳಿಲ್ಲ ಅಂತ ತಿಳಿಯಬೇಡಿ. ಚೆನ್ನಾಗೇ ಹೇಳಿದೆ. ಹೊರಹೋಗುವ ಬಾಗಿಲು ಹೊರಕ್ಕೆ ತೆರೆದುಕೊಳ್ಳಬೇಕು, ಅದರ ಅಗಲ ಕನಿಷ್ಠ ಒಂದು ಮೀಟರ್ ಇರಬೇಕು, ಒಳಗಿದ್ದವರು ಬೀಗದ ಕೈ ಇಲ್ಲದೆಯೇ ಅದನ್ನು ತೆರೆಯುವಂತಿರಬೇಕು. ಈ ಸಾಲುಗಳು ಸುಮ್ಮನೆ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಊರಲ್ಲಿ 1883ರಲ್ಲಿ ಮಕ್ಕಳಿಗೆ ಒಂದು ಮೋಜಿನ ಆಟ ಇಟ್ಟಿದ್ದರು. ಕೊನೆಗೆ ಬಹುಮಾನ ಹಂಚ್ತಾರೆ ಅಂದ ಕೂಡಲೇ ಮೇಲಿದ್ದ ಮಕ್ಕಳೆಲ್ಲ ಮೆಟ್ಟಿಲಿಳಿದು ಓಡಿದವು. ಕೆಳಗಿನ ಬಾಗಿಲು ಒಳಕ್ಕೆ ತೆರೆಯುವಂಥದ್ದು, ಅದನ್ನೂ ಒಬ್ಬರು ಮಾತ್ರ ತೂರುವಷ್ಟು ಸಂದಿ ಬಿಟ್ಟು ಅಗುಳಿ ಹಾಕಿದ್ದರು. ಬೆಂಕಿ ಇಲ್ಲ, ಹೊಗೆ ಇಲ್ಲ. ಒಂದರ ಮೇಲೊಂದು ಬಿದ್ದು 183 ಮಕ್ಕಳು ಉಸಿರುಗಟ್ಟಿ ಸತ್ತವು. ಒಳಗಿನಿಂದ ಮೈಯಿಂದ ಒತ್ತಿದರೆ ಸಾಕು, ತಾನೇ ತೆರೆದುಕೊಳ್ಳುವ ಅಡ್ಡಪಟ್ಟಿಯ ಚಿಲಕ ಇದೆಯಲ್ಲ, ಹೊಸ ಸಿನಿಮಾ ಮಂದಿರಗಳಲ್ಲಿ ನೋಡಿರ್ತೀರಿ, ಅದನ್ನು ಕಂಡುಹಿಡಿದದ್ದು ಈ ಸಾವಿನ ನಂತರವೇ. ಆಮೇಲೆ 1911ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆ. ಹೊಲಿಯುವ ಹೆಣ್ಣುಮಕ್ಕಳು ಬಟ್ಟೆ ಕದ್ದುಕೊಂಡು ಹೋಗ್ತಾರೆ ಅಂತ ಒಂಬತ್ತನೇ ಮಹಡಿಯ ಬಾಗಿಲಿಗೆ ಬೀಗ. 146 ಜನ ಸತ್ತರು. ಬಹುಪಾಲು ಬೇರೆ ದೇಶದಿಂದ ಹೊಟ್ಟೆಪಾಡಿಗೆ ಬಂದ ಹುಡುಗಿಯರು. ಸಂಹಿತೆಯ ಒಂದೊಂದು ಸಾಲಿನ ಹಿಂದೆ ಹೀಗೆ ಒಂದು ಸ್ಮಶಾನ ಇದೆ. ಅದನ್ನು ಇಂಜಿನಿಯರುಗಳ ಪುಸ್ತಕ ಅಂತ ನಾವು ಪಕ್ಕಕ್ಕೆ ಇಡುವ ಹಾಗಿಲ್ಲ.

ಸಾಲು ಇದೆ. ಹಾಗಾದರೆ ನಮ್ಮ ಹಾಸ್ಟೆಲ್ಲಿಗೆ ಯಾಕೆ ಬರಲಿಲ್ಲ?

ಮೊದಲನೇ ಕಾರಣ, ಈ ಸಂಹಿತೆ ತಾನೇ ಕಾಯ್ದೆಯಲ್ಲ. ದೆಹಲಿಯ ಭಾರತೀಯ ಮಾನಕ ಬ್ಯೂರೋ ಬರೆದ ಶಿಫಾರಸು. ರಾಜ್ಯ ಸರ್ಕಾರವೋ ನಗರಸಭೆಯೋ ತನ್ನ ಬೈಲಾದೊಳಗೆ ಸೇರಿಸಿಕೊಂಡರೆ ಮಾತ್ರ ಅದಕ್ಕೆ ಹಲ್ಲು. ಬೆಂಕಿ ಆರಿಸುವ ಕೆಲಸವನ್ನು ಸಂವಿಧಾನದ 12ನೇ ಅನುಸೂಚಿ ಪಟ್ಟಣಗಳ ಆಡಳಿತದ ಪಟ್ಟಿಯಲ್ಲಿ ಇಟ್ಟಿದೆ. ದೆಹಲಿ ಬೆಂಗಳೂರನ್ನು ತೋರಿಸುತ್ತೆ, ಬೆಂಗಳೂರು ಪುರಸಭೆಯನ್ನು ತೋರಿಸುತ್ತೆ, ಪುರಸಭೆ ಕಟ್ಟಡದ ಮಾಲೀಕನನ್ನು ತೋರಿಸುತ್ತೆ. ಮಾಲೀಕ ಊರಿನ ಧಣಿ. ಅಲ್ಲಿಗೆ ಬೆರಳು ತೋರಿಸುವ ಆಟ ಮುಗೀತು.

ಎರಡನೇ ಕಾರಣ ಇನ್ನೂ ಒಳಗಿನದು. ಸಂಹಿತೆಯ ಕೈಯಲ್ಲಿರೋದು ಎತ್ತರ ಅಳೆಯುವ ಟೇಪು. 15 ಮೀಟರ್ ದಾಟಿದರೆ ಬಹುಮಹಡಿ ಕಟ್ಟಡ, ಅದರ ಮೇಲೆ ಅದಕ್ಕೆ ಕಣ್ಣು. 15 ಮೀಟರ್ ಅಂದರೆ ಹತ್ತಿರ ಹತ್ತಿರ ಐವತ್ತು ಅಡಿ. ನಮ್ಮ ಹಾಸ್ಟೆಲ್ಲುಗಳು ಎರಡು, ಹೆಚ್ಚೆಂದರೆ ಮೂರು ಅಂತಸ್ತು. ಮೂವತ್ತು ಮೂವತ್ತೈದು ಅಡಿ. 2005ರ ಪುಸ್ತಕದಲ್ಲಿ ಕನಿಷ್ಠ ಎರಡು ಮೆಟ್ಟಿಲು ಯಾವ ಕಟ್ಟಡಕ್ಕೆ ಬೇಕು ಅಂತ ಬರೆದ ಒಂದು ನಿಯಮ ಇದೆ. 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಎಲ್ಲ ಕಟ್ಟಡಗಳಿಗೆ ಬೇಕು. ಎತ್ತರ ಅಷ್ಟಿಲ್ಲದಿದ್ದರೂ ಒಂದೊಂದು ಅಂತಸ್ತು 500 ಚದರ ಮೀಟರಿಗಿಂತ ದೊಡ್ಡದಿದ್ದರೆ ಶಾಲೆಗೆ ಬೇಕು, ಸಭಾಂಗಣಕ್ಕೆ ಬೇಕು, ಆಸ್ಪತ್ರೆ ಜೈಲುಗಳ ವರ್ಗಕ್ಕೆ ಬೇಕು, ಕಾರ್ಖಾನೆಗೆ ಬೇಕು, ಗೋದಾಮಿಗೆ ಬೇಕು. ಹಾಸ್ಟೆಲ್ಲಿನಂಥ ಸಾಲುಮಂಚದ ಕಟ್ಟಡವನ್ನು ಸಂಹಿತೆ ಸೇರಿಸಿರೋದು ವಾಸದ ಮನೆಗಳ ವರ್ಗಕ್ಕೆ. ಆ ವರ್ಗದ ಹೆಸರು ಈ ಪಟ್ಟಿಯಲ್ಲಿಲ್ಲ. ಜೈಲಿಗೆ ಇದೆ, ಮೂಟೆ ಇಡುವ ಗೋದಾಮಿಗೆ ಇದೆ, ನಮಗಿಲ್ಲ. ಯಾರೋ ದ್ವೇಷದಿಂದ ಬಿಟ್ಟರು ಅಂತ ನಾವು ಹೇಳ್ತಿಲ್ಲ. ಸಮಿತಿಯಲ್ಲಿ ಕೂತವರ ಕಣ್ಣಿಗೆ ವಾಸದ ಮನೆ ಅಂದರೆ ಗಂಡ ಹೆಂಡತಿ ಇಬ್ಬರು ಮಕ್ಕಳ ಮನೆ. ಒಂದು ಹಾಲಿನಲ್ಲಿ ನಲವತ್ತು ಟ್ರಂಕು, ನಲವತ್ತು ತಟ್ಟೆ, ನಲವತ್ತು ಮಕ್ಕಳು ಇರುವ ಮನೆಯನ್ನು ಅವರು ಕಂಡಿರಲಾರರು. ಕಂಡವರನ್ನು ಆ ಸಮಿತಿಗೆ ಕರೆಯೋದಿಲ್ಲ.

ಮಕ್ಕಳು ಸತ್ತ ಮೇಲೆ ಕೋರ್ಟು ಮಾತಾಡಿದೆ, ಅದನ್ನೂ ಹೇಳಬೇಕು. ತಮಿಳುನಾಡಿನ ಕುಂಭಕೋಣಂ, 2004ರ ಜುಲೈ 16. ಮಧ್ಯಾಹ್ನದ ಊಟ ಬೇಯಿಸ್ತಿದ್ದ ಅಡುಗೆಮನೆಯ ಬೆಂಕಿ ತೆಂಗಿನ ಗರಿಯ ಚಾವಣಿಗೆ ಹಾರಿತು. ಇಕ್ಕಟ್ಟಾದ ಮೆಟ್ಟಿಲು. 94 ಮಕ್ಕಳು ಬೆಂದುಹೋದರು. ಅದಾದ ಮೇಲೆ ತಮಿಳುನಾಡಿನ ಶಾಲೆಗಳ ಗರಿ ಚಾವಣಿಗಳನ್ನು ಕೀಳಿಸಿದರು. 2009ರಲ್ಲಿ ಅವಿನಾಶ್ ಮೆಹ್ರೋತ್ರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಅಪಾಯವಿಲ್ಲದ ಶಾಲೆಯಲ್ಲಿ ಕಲಿಯೋದು ಮಗುವಿನ ಮೂಲಭೂತ ಹಕ್ಕಿನ ಒಂದು ಭಾಗ ಅಂತ ಹೇಳಿ, ದೇಶದ ಶಾಲೆಗಳೆಲ್ಲ ಬೆಂಕಿಯ ವಿಷಯದಲ್ಲಿ ಕಟ್ಟಡ ಸಂಹಿತೆಯನ್ನು ಪಾಲಿಸಬೇಕು ಅಂತ ಆದೇಶ ಮಾಡಿತು. ಒಳ್ಳೆಯ ತೀರ್ಪು. ಅದರಿಂದಲೇ ಶಾಲೆಯ ವರಾಂಡಗಳಲ್ಲಿ ಕೆಂಪು ಸಿಲಿಂಡರು ನೇತಾಡ್ತಿದೆ. ಆದರೆ ತೀರ್ಪಿನ ಮಾತು ಶಾಲೆಯ ಮೇಲೆ. ನಮ್ಮ ಮಕ್ಕಳು ಶಾಲೆಯಲ್ಲಿರೋದು ಆರೇಳು ಗಂಟೆ, ಎಚ್ಚರವಾಗಿ, ಹಗಲಲ್ಲಿ, ಮೇಷ್ಟ್ರ ಕಣ್ಣೆದುರಲ್ಲಿ. ಮಿಕ್ಕ ಹದಿನೇಳು ಗಂಟೆ ಹಾಸ್ಟೆಲ್ಲಿನಲ್ಲಿ, ಅದರಲ್ಲಿ ಎಂಟು ಗಂಟೆ ನಿದ್ದೆಯಲ್ಲಿ, ಬೀಗದ ಒಳಗೆ. ಜೀವದ ಹಕ್ಕು ಶಾಲೆಯ ಗಂಟೆ ಬಾರಿಸಿದ ಕೂಡಲೇ ಮುಗಿಯುತ್ತಾ?

ಹಾಗಂತ ಸಂಹಿತೆ ತಿದ್ದಿದರೆ ಸಾಕು ಅಂತ ಕುಣಿಯೋ ಹಾಗೂ ಇಲ್ಲ. ತಿದ್ದುಪಡಿ ಅನ್ನೋದು ಯಾವಾಗಲೂ ಬಿಗಿ ಮಾಡೋದೇ ಆಗಿರಬೇಕಿಲ್ಲ. ದೆಹಲಿಯ ಉಪಹಾರ್ ಸಿನಿಮಾ ಮಂದಿರದ ಕಥೆ ಕೇಳಿದ್ದೀರಿ. 1976ರಲ್ಲಿ ಸರ್ಕಾರವೇ ಆ ಮಂದಿರಕ್ಕೆ ನೂರು ಸೀಟು ಹೆಚ್ಚಿಗೆ ಹಾಕಿಕೊಳ್ಳಲು ರಿಯಾಯಿತಿ ಕೊಟ್ಟಿತು. 1979ರಲ್ಲಿ ರಿಯಾಯಿತಿ ವಾಪಸಾಯಿತು, ಆದರೆ ಬಾಲ್ಕನಿಯ ಹೆಚ್ಚುವರಿ ಸೀಟುಗಳು ಎಲ್ಲವೂ ಕದಲಲಿಲ್ಲ. 1997ರ ಜೂನ್ 13ರಂದು ಕೆಳಗಿನ ಟ್ರಾನ್ಸ್‌ಫಾರ್ಮರಿಗೆ ಬೆಂಕಿ ಬಿದ್ದು ಹೊಗೆ ಮೇಲೇರಿದಾಗ ಬಾಲ್ಕನಿಯ ಒಂದು ಕಡೆಯ ದಾರಿ ಸೀಟುಗಳಿಂದ ಮುಚ್ಚಿಹೋಗಿತ್ತು. 59 ಜನ ಸತ್ತರು. ಸತ್ತವರೆಲ್ಲ ಸ್ಲಮ್ಮಿನವರೇನಲ್ಲ, ಬಾಲ್ಕನಿ ಟಿಕೆಟ್ಟು ಕೊಂಡವರು. ಉಳ್ಳವರ ಪಾಡೇ ಹೀಗಾದರೆ ನಮ್ಮದು ಯೋಚನೆ ಮಾಡಿ.

ಬರೆದಿಟ್ಟ ಮಾತ್ರಕ್ಕೆ ಏನೂ ಆಗೋದಿಲ್ಲ ಅನ್ನೋದಕ್ಕೆ ಕೀನ್ಯಾ ಸಾಕ್ಷಿ. ಆಫ್ರಿಕಾದ ಆ ದೇಶದಲ್ಲಿ ವಸತಿ ಶಾಲೆಗಳು ಬಹಳ. 2001ರಲ್ಲಿ ಕ್ಯಾಂಗುಲಿ ಅನ್ನುವ ಕಡೆ ಗಂಡುಮಕ್ಕಳ ಹಾಸ್ಟೆಲ್ಲಿಗೆ ಬೆಂಕಿ ಬಿದ್ದು 67 ಹುಡುಗರು ಸತ್ತರು. ಒಂದು ಬಾಗಿಲಿಗೆ ಬೀಗ, ಕಿಟಕಿಗೆ ಗ್ರಿಲ್ಲು. ಅಲ್ಲಿನ ಸರ್ಕಾರ 2008ರಲ್ಲಿ ಶಾಲೆಗಳ ಸುರಕ್ಷತೆಗೆ ಅಂತಲೇ ಒಂದು ಕೈಪಿಡಿ ತಂದಿತು. ನಮ್ಮ ಸಂಹಿತೆಯ ಎರಡು ಸಂಪುಟದಲ್ಲಿ ಸಿಗದ ನೇರವಾದ ಮಾತು ಅದರಲ್ಲಿದೆ. ಮಕ್ಕಳು ಮಲಗುವ ಹಾಲಿನ ಕಿಟಕಿಗಳಿಗೆ ಗ್ರಿಲ್ಲು ಇರಕೂಡದು. ಬಾಗಿಲು ಐದಡಿ ಅಗಲ ಇರಬೇಕು, ಹೊರಕ್ಕೆ ತೆರೆಯಬೇಕು. ಎರಡು ತುದಿಗೂ ಬಾಗಿಲು, ನಡುವೆ ತುರ್ತಿಗೆ ಇನ್ನೊಂದು. ಮಕ್ಕಳು ಒಳಗಿರುವಾಗ ಬೀಗ ಹಾಕಕೂಡದು. ಓದಿದರೆ ಯಾರೋ ಹಾಸ್ಟೆಲ್ಲಿನಲ್ಲಿ ಮಲಗಿ ಎದ್ದವರೇ ಬರೆದ ಹಾಗಿದೆ. ಆದರೂ 2017ರಲ್ಲಿ ರಾಜಧಾನಿ ನೈರೋಬಿಯ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ಹತ್ತು ಮಕ್ಕಳು, 2024ರ ಸೆಪ್ಟೆಂಬರಿನಲ್ಲಿ ನ್ಯೇರಿ ಜಿಲ್ಲೆಯ ಇನ್ನೊಂದು ಹಾಸ್ಟೆಲ್ಲಿನಲ್ಲಿ 21 ಗಂಡುಮಕ್ಕಳು ಸತ್ತರು. ಕೈಪಿಡಿ ಕಪಾಟಿನಲ್ಲಿತ್ತು, ಮಕ್ಕಳ ಕೈಯಲ್ಲಿರಲಿಲ್ಲ.

ಅದಕ್ಕೇ ನಾವು ಭಾಷೆಯ ಮಾತನ್ನು ಎತ್ತಬೇಕಾಗಿದೆ. ಈ ದೇಶದಲ್ಲಿ ಜೀವ ಉಳಿಸುವ ನಿಯಮ ಬಹಳ ಕಾಲ ಮಾರಾಟದ ಸರಕಾಗಿತ್ತು. ಸರ್ಕಾರವೇ ಬರೆಸಿದ ಸಂಹಿತೆಯನ್ನು ಸಾವಿರಾರು ರೂಪಾಯಿ ಕೊಟ್ಟು ಕೊಳ್ಳಬೇಕಿತ್ತು. ಕಾರ್ಲ್ ಮಲಮೂದ್ ಎನ್ನುವ ಅಮೆರಿಕದವರೊಬ್ಬರು ಭಾರತದ ಮಾನಕಗಳನ್ನು, ಈ ಸಂಹಿತೆಯನ್ನೂ ಸೇರಿಸಿ, ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಹಾಕಿದಾಗ ಬ್ಯೂರೋ ತಕರಾರು ತೆಗೆಯಿತು. ಜನ ಪಾಲಿಸಬೇಕಾದ ನಿಯಮ ಜನಕ್ಕೆ ಪುಕ್ಕಟೆ ಸಿಗಬೇಕು ಅಂತ ಅವರು, ಇಲ್ಲಿನ ಇಬ್ಬರು ಗೆಳೆಯರ ಜೊತೆ, ದೆಹಲಿ ಹೈಕೋರ್ಟಿಗೇ ಹೋಗಬೇಕಾಯಿತು. ಓದಬಾರದು, ಕೇಳಬಾರದು ಅಂತ ಕಿವಿಗೆ ಸೀಸ ಕಾಯಿಸಿದ ಚರಿತ್ರೆ ಇರುವ ನೆಲ ಇದು, ನಮಗೆ ಆಶ್ಚರ್ಯ ಆಗಲಿಲ್ಲ. ಈಗ ಬ್ಯೂರೋ ತನ್ನ ಹೆಚ್ಚಿನ ಮಾನಕಗಳನ್ನು ಪುಕ್ಕಟೆ ಕೊಡುತ್ತಿದೆ, ಒಪ್ಪೋಣ. ಆದರೆ ಕನ್ನಡದಲ್ಲಿ ಎಲ್ಲಿದೆ? ಅಡುಗೆಯವರಿಗೆ, ವಾಚ್‌ಮನ್‌ಗೆ, ಎಂಟನೇ ಕ್ಲಾಸಿನ ಹುಡುಗಿಗೆ ಅರ್ಥ ಆಗುವ ಹಾಗೆ ಎರಡು ಪುಟದಲ್ಲಿ ಎಲ್ಲಿದೆ? ಆ ಎರಡು ಪುಟ ಊಟದ ಮೆನು ಬೋರ್ಡಿನ ಪಕ್ಕ ಗೋಡೆ ಮೇಲೆ ಇರಬೇಕು. ಮೆನು ಬೋರ್ಡಿನಲ್ಲಿ ಬರೆದದ್ದೆಲ್ಲ ತಟ್ಟೆಗೆ ಬರೋದಿಲ್ಲ, ಗೊತ್ತು. ಆದರೆ ಬೋರ್ಡು ಇರೋದರಿಂದಲೇ ಅಲ್ವಾ ನಾವು ಮೊಟ್ಟೆ ಎಲ್ಲಿ ಅಂತ ಕೇಳೋದು.

ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಮಾತು ಬಂದರೆ ಎಲ್ಲರೂ ಒಂದೇ ಸಲ ಮೈಮೇಲೆ ಬೀಳ್ತಾರೆ. ಬೀಗ ತೆಗೀಬೇಕಾ? ಏನಾದರೂ ಹೆಚ್ಚುಕಡಿಮೆ ಆದರೆ ಯಾರು ಜವಾಬ್ದಾರಿ? ಹೆತ್ತವರ ಭಯ ನಮಗೆ ಅರ್ಥ ಆಗುತ್ತೆ. ಊರಲ್ಲಿ ಪುಂಡರಿದ್ದಾರೆ, ಅವರ ಬೆನ್ನಿಗೆ ಪಟ್ಟಭದ್ರರಿದ್ದಾರೆ, ನಮ್ಮ ಹೆಣ್ಣುಮಕ್ಕಳ ಮೇಲೆ ಕೈ ಹಾಕಿದರೆ ಕೇಳುವವರಿಲ್ಲ ಅನ್ನುವ ಧೈರ್ಯ ಅವರಿಗಿದೆ. ಈ ಭಯವನ್ನು ಹಾರಿಸಿ ಮಾತಾಡುವವರು ನಮ್ಮವರಲ್ಲ. ಆದರೆ ನಾವು ಬೀಗವೇ ಬೇಡ ಅಂತ ಹೇಳ್ತಿಲ್ಲ. ಹೊರಗಿನವರು ಒಳಗೆ ಬರಲಾಗದ, ಒಳಗಿನವರು ಮಾತ್ರ ಒತ್ತಿ ತೆರೆಯಬಹುದಾದ ಚಿಲಕ ನೂರು ವರ್ಷದಿಂದ ಇದೆ. ತೆರೆದರೆ ಗಂಟೆ ಹೊಡೆಯುವ ಹಾಗೆ ಒಂದು ಬೆಲ್ಲು ಸೇರಿಸಿದರೆ ವಾರ್ಡನ್ನಿಗೂ ಗೊತ್ತಾಗುತ್ತೆ. ಕಿಟಕಿಯ ಸರಳು ಹಾಗೇ ಇರಲಿ, ಅದರಲ್ಲಿ ಒಂದನ್ನಾದರೂ ಕೀಲು ಹಾಕಿ ಒಳಗಿನಿಂದ ತೆರೆಯುವ ಹಾಗೆ ಮಾಡಿ. ಊರಿನ ವೆಲ್ಡಿಂಗ್ ಅಂಗಡಿಯವನು ಒಂದು ದಿನದಲ್ಲಿ ಮಾಡಿಕೊಡುವ ಕೆಲಸ. ಕೋಟಿ ಕೇಳ್ತಿಲ್ಲ ಸ್ವಾಮಿ. ಹೆಣ್ಣುಮಕ್ಕಳ ಮಾನ ಕಾಯ್ತೀವಿ ಅಂತ ಜೀವಕ್ಕೆ ಬೀಗ ಹಾಕೋದು ಬೇಡ ಅಂತಿದ್ದೀವಿ ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆ ಇದೆ, ಇದನ್ನು ಗೆಳೆಯರು ಗಮನ ಇಟ್ಟು ಓದಬೇಕು. ಸರ್ಕಾರಕ್ಕೆ ಸಂಹಿತೆ ನೆನಪಾಗೋದು ಎರಡೇ ಸಂದರ್ಭದಲ್ಲಿ. ಹೆಣ ಬಿದ್ದಾಗ, ಇಲ್ಲವೇ ಬಡವರನ್ನು ಎಬ್ಬಿಸಬೇಕಾದಾಗ. ನಾವು ಹಾಸ್ಟೆಲ್ಲು ಅಪಾಯ ಅಂತ ಅರ್ಜಿ ಕೊಟ್ಟರೆ, ಹೌದಪ್ಪ ಅಪಾಯ, ಮುಚ್ಚಿಬಿಡೋಣ ಅನ್ನುವ ಆದೇಶ ಬರಬಹುದು. ಕೀನ್ಯಾದಲ್ಲಿ ಅದೇ ಆಯ್ತು. 2024ರ ಸಾವಿನ ನಂತರ ಅಲ್ಲಿನ ಸರ್ಕಾರ ಮುನ್ನೂರಕ್ಕೂ ಹೆಚ್ಚು ಶಾಲೆಗಳ ವಸತಿ ವಿಭಾಗಗಳನ್ನು ಮುಚ್ಚಲು ಹೇಳಿತು. ಹಾಸ್ಟೆಲ್ಲು ಮುಚ್ಚಿದರೆ ಧಣಿಗಳ ಮಕ್ಕಳಿಗೇನೂ ನಷ್ಟ ಇಲ್ಲ. ನಮ್ಮ ಮಕ್ಕಳು ಮತ್ತೆ ಹಟ್ಟಿಗೆ, ಅಲ್ಲಿಂದ ಕೂಲಿಗೆ. ಹಾಸ್ಟೆಲ್ಲು ಯಾರೋ ದಯೆಯಿಂದ ಎಸೆದದ್ದಲ್ಲ. ಬಾಬಾಸಾಹೇಬರ ಬಹಿಷ್ಕೃತ ಹಿತಕಾರಿಣಿ ಸಭಾ 1925ರಲ್ಲೇ ಸೊಲ್ಲಾಪುರದಲ್ಲಿ ಹಾಸ್ಟೆಲ್ ತೆರೆದದ್ದು, ಅಕ್ಷರಕ್ಕೆ ಮೊದಲು ಒಂದು ಸೂರು ಮತ್ತು ಒಂದು ಹೊತ್ತಿನ ಅನ್ನ ಬೇಕು ಅಂತ ಗೊತ್ತಿದ್ದರಿಂದ. ಆದ್ದರಿಂದ ಬೇಡಿಕೆಯ ಮಾತು ಜೋಪಾನವಾಗಿ ಬರೆಯಬೇಕು. ರಿಪೇರಿ ಮಾಡಿ, ಮುಚ್ಚಬೇಡಿ. ಕಟ್ಟಡ ಬದಲಿಸಲೇಬೇಕಾದರೆ ಮೊದಲು ಬೇರೆ ಕಟ್ಟಡ ತೋರಿಸಿ, ಆಮೇಲೆ ಖಾಲಿ ಮಾಡಿಸಿ. ಇದೊಂದು ಸಾಲು ಇಲ್ಲದ ಅರ್ಜಿಗೆ ಸಹಿ ಹಾಕಬೇಡಿ.

ಸರ್ಕಾರವನ್ನು ನಾವು ಕೇಳುವುದು ದೊಡ್ಡದೇನಲ್ಲ. ಎತ್ತರ ಅಳೆಯುವ ಟೇಪನ್ನು ಸ್ವಲ್ಪ ಕೆಳಗಿಟ್ಟು, ಎಷ್ಟು ಮಕ್ಕಳು ಮಲಗ್ತಾರೆ ಅಂತ ತಲೆ ಎಣಿಸಲಿ. ಹಾಸ್ಟೆಲ್ಲಿಗೆ ಅಂತಲೇ ಒಂದು ವರ್ಗ ಮಾಡಲಿ. ಒಂದೇ ಅಂತಸ್ತಾದರೂ ಎರಡು ಕಡೆ ದಾರಿ, ಕೈ ಬೇಕಾಗದ ಚಿಲಕ, ತೆರೆಯುವ ಕಿಟಕಿ, ಹೊಗೆ ಕಂಡರೆ ಕೂಗುವ ಅಲಾರಂ, ಮೆಟ್ಟಿಲಿನಿಂದ ದೂರ ಸಿಲಿಂಡರು. ಬಾಡಿಗೆಗೆ ಕಟ್ಟಡ ಹಿಡಿಯುವ ಕರಾರಿನಲ್ಲಿ ಇವನ್ನು ಬರೆಯಲಿ, ಇಲ್ಲದ ಕಟ್ಟಡಕ್ಕೆ ಬಾಡಿಗೆ ಕೊಡದಿರಲಿ. ಧಣಿಗೆ ಬಾಡಿಗೆ ನಿಂತರೆ ಮೆಟ್ಟಿಲು ತಾನಾಗೇ ಹುಟ್ಟುತ್ತೆ. ರಾಜ್ಯ ಇದನ್ನು ತನ್ನ ಬೈಲಾಕ್ಕೆ ಸೇರಿಸಲಿ. ಮುಂದಿನ ಸಲ ಸಂಹಿತೆ ತಿದ್ದುವ ಸಮಿತಿಯಲ್ಲಿ ಹಾಸ್ಟೆಲ್ಲಿನಲ್ಲಿ ಓದಿ ಇಂಜಿನಿಯರಾದವರು ಒಬ್ಬರಾದರೂ ಕೂರಲಿ, ಈಗ ಅಂಥವರು ಸಾವಿರಾರು ಜನ ಇದ್ದಾರೆ.

ಸಮಿತಿ ಕೂರುವ ತನಕ ನಾವು ಕೈಕಟ್ಟಿ ಕೂರಬೇಕಿಲ್ಲ. ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 2017ರಲ್ಲಿ 72 ಜನ ಸತ್ತರು, ಹೆಚ್ಚಿನವರು ಬಡವರು, ಹೊರದೇಶಗಳಿಂದ ಬಂದು ನೆಲೆಸಿದವರು. ಅಲ್ಲಿನ ನಿವಾಸಿಗಳ ಒಂದು ಗುಂಪು ಬೆಂಕಿಗೆ ಏಳು ತಿಂಗಳು ಮುಂಚೆಯೇ, ಇಲ್ಲಿ ದೊಡ್ಡ ಅನಾಹುತ ಆದ ಮೇಲೇ ಇವರು ಕಣ್ಣು ತೆರೆಯೋದು ಅಂತ ಬರೆದಿಟ್ಟಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಟ್ಟಡದ ಅಪಾಯ ಮೊದಲು ಗೊತ್ತಾಗೋದು ಅದರಲ್ಲಿ ಮಲಗುವವರಿಗೇ.

ಹಾಗಾಗಿ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ನಿಮ್ಮ ಮಂಚದಿಂದ ಹೊರಗಿನ ಅಂಗಳಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸಿ. ಆಮೇಲೆ ಕಣ್ಣು ಮುಚ್ಚಿಕೊಂಡು, ನೆಲಕ್ಕೆ ಬಗ್ಗಿ ಅದೇ ದಾರಿ ನಡೀರಿ, ಹೊಗೆಯಲ್ಲಿ ದಾರಿ ಹಾಗೇ ಇರುತ್ತೆ. ಎಷ್ಟು ಬೀಗ ಅಡ್ಡ ಬಂತು, ಯಾವುದರ ಕೈ ಯಾರ ಹತ್ತಿರ ಇದೆ, ಮೇನ್ ಸ್ವಿಚ್ಚು ಎಲ್ಲಿದೆ, ಗೋಡೆಯ ಕೆಂಪು ಸಿಲಿಂಡರಿನ ಮೇಲೆ ಬರೆದ ತಾರೀಖು ಮುಗಿದಿದೆಯಾ, ಒಂದು ಹಾಳೆಯಲ್ಲಿ ಬರೆಯಿರಿ. ಎಲ್ಲರೂ ಸಹಿ ಹಾಕಿ. ವಾರ್ಡನ್ನಿಗೆ ಒಂದು ಪ್ರತಿ, ತಾಲ್ಲೂಕು ಅಧಿಕಾರಿಗೆ ಒಂದು, ಅಗ್ನಿಶಾಮಕ ಠಾಣೆಗೆ ಒಂದು. ಠಾಣೆಯವರನ್ನು ಕರೆದು ಒಂದು ಭಾನುವಾರ ಹಾಸ್ಟೆಲ್ಲಿನಲ್ಲಿ ಅಭ್ಯಾಸ ಮಾಡಿಸಿ ಅಂತ ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. ಕೇಳಬೇಕಾದದ್ದು ಇಷ್ಟೇ: ಈ ಹಾಸ್ಟೆಲ್ ಕಟ್ಟಡವನ್ನು ಬೆಂಕಿ ಸುರಕ್ಷತೆಗಾಗಿ ಯಾವ ದಿನಾಂಕದಂದು ಯಾರು ಪರಿಶೀಲಿಸಿದರು, ಆ ವರದಿಯ ನಕಲು ಕೊಡಿ. ಅರ್ಜಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳೋದನ್ನು ಮರೀಬೇಡಿ. ಮೂವತ್ತು ದಿನದ ಲೆಕ್ಕ ಅವತ್ತಿಂದ ಶುರು.